ಕಾಯಿಲೆ ಒಬ್ಬಳದು, ಟೈಮ್‌ಟೇಬಲ್ ಮನೆಮಂದಿಯದು

ರಾತ್ರಿ ಮೂರು ಗಂಟೆ. ಹನುಮಂತನಗರದ ಒಂದು ಬಾಡಿಗೆ ಮನೆಯಲ್ಲಿ ದಿಂಬಿನ ಕೆಳಗಿಟ್ಟ ಮೊಬೈಲ್ ಗುಂಯ್ ಅನ್ನುತ್ತದೆ. ನಮ್ಮ ಅಕ್ಕ ಏಳುತ್ತಾಳೆ. ಲೈಟ್ ಹಾಕುವುದಿಲ್ಲ. ಮೊಬೈಲ್ ಟಾರ್ಚನ್ನು ದಿಂಬಿಗೆ ಒರಗಿಸಿಟ್ಟು, ಮಲಗಿರುವ ಮಗಳ ಬೆರಳು ಹಿಡಿದು, ತುದಿಯ ಪಕ್ಕಕ್ಕೆ ಸಣ್ಣಗೆ ಚುಚ್ಚಿ, ಒಂದು ಹನಿ ರಕ್ತವನ್ನು ಸ್ಟ್ರಿಪ್‌ಗೆ ಮುಟ್ಟಿಸುತ್ತಾಳೆ. ಐದು ಸೆಕೆಂಡ್ ಕಾಯಬೇಕು. ಮೀಟರ್ ಶುಗರ್ 112 ತೋರಿಸಿದರೆ ಮತ್ತೆ ಮಲಗಬಹುದು. 64 ತೋರಿಸಿದರೆ ಮಗಳನ್ನು ಎಬ್ಬಿಸಿ ಕೂರಿಸಿ ಗ್ಲುಕೋಸ್ ನೀರು ಕುಡಿಸಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಬೇಕು. ಪುಟ್ಟಿ ಈಗ ನಿದ್ದೆಯಲ್ಲೇ ಬೆರಳು ಚಾಚುತ್ತಾಳೆ. ಅಷ್ಟು ರೂಢಿಯಾಗಿಬಿಟ್ಟಿದೆ.

ಪುಟ್ಟಿಗೆ ಒಂಬತ್ತು ವರ್ಷ. ಟೈಪ್ 1 ಡಯಾಬಿಟಿಸ್ ಬಂದು ಎರಡು ವರ್ಷವಾಯಿತು. ಈ ಜೂನ್‌ನಲ್ಲಿ ಅವಳ ಶಾಲೆಯ ಇನ್ನೊಂದು ಮಗುವಿಗೂ ಇದೇ ಕಾಯಿಲೆ ಎಂದು ಗೊತ್ತಾದಾಗ, ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆಗಳ ಸುರಿಮಳೆ. ಇದು ಅಂಟುತ್ತಾ? ಚಾಕ್ಲೇಟ್ ಜಾಸ್ತಿ ಕೊಟ್ಟಿದ್ರಾ? ಅಮ್ಮ ಕೆಲಸ ಬಿಡಲೇಬೇಕಾ? ಅಕ್ಕ ಆ ರಾತ್ರಿ ನನಗೆ ಫೋನ್ ಮಾಡಿ, "ಕಾಯಿಲೆ ಬಗ್ಗೆ ಡಾಕ್ಟರ್ ಹೇಳ್ತಾರೆ ಕಣೇ. ಮನೆಗೆ ಏನಾಗುತ್ತೆ ಅಂತ ಯಾರೂ ಹೇಳಲ್ಲ. ನೀನಾದ್ರೂ ಬರಿ" ಅಂದಳು. ಆ ಎರಡನೆಯದನ್ನು ನನಗೆ ತಿಳಿದ ಮಟ್ಟಿಗೆ ಬಿಡಿಸಿ ಹೇಳುತ್ತೇನೆ.

ಟ್ರಂಕು ಸಮೇತ ಬಂದ ನೆಂಟ

ನೆಗಡಿ, ಜ್ವರ ಎಲ್ಲ ಹಬ್ಬಕ್ಕೆ ಬಂದ ನೆಂಟರ ಥರ. ನಾಲ್ಕು ದಿನ ಗಲಾಟೆ, ಮಲಗುವ ಜಾಗ ಅದಲುಬದಲು. ಆಮೇಲೆ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿಸಿ ಬಂದರೆ ಮನೆ ಮೊದಲಿನಂತೆ. ದೀರ್ಘಕಾಲದ ಕಾಯಿಲೆ, ಅಂದರೆ ಡಾಕ್ಟರ್‌ಗಳು ಕ್ರಾನಿಕ್ ಅನ್ನುವುದು, ಟ್ರಂಕು ಸಮೇತ ಬಂದು ನಡುಮನೆಯಲ್ಲಿ ಉಳಿದುಬಿಡುತ್ತದೆ. ಸಾಮಾನ್ಯವಾಗಿ ಮೂರು ತಿಂಗಳಿಗಿಂತ ಜಾಸ್ತಿ ಇದ್ದು, ದಿನದ ಬದುಕಿಗೆ ಅಡ್ಡಿ ಮಾಡುವ ಅಥವಾ ಮೇಲಿಂದ ಮೇಲೆ ಚಿಕಿತ್ಸೆ ಬೇಡುವ ಕಾಯಿಲೆಯನ್ನು ಹೀಗೆ ಕರೆಯುತ್ತಾರೆ. ಟೈಪ್ 1, ಆಸ್ತಮಾ, ಫಿಟ್ಸ್, ಥಲಸ್ಸೀಮಿಯಾ (ದೇಹದಲ್ಲಿ ಸರಿಯಾಗಿ ರಕ್ತ ತಯಾರಾಗದ ಕಾಯಿಲೆ), ಹುಟ್ಟಿನಿಂದಲೇ ಇರುವ ಹೃದಯದ ತೊಂದರೆ, ಕಿಡ್ನಿಯದು, ಬ್ಲಡ್ ಕ್ಯಾನ್ಸರ್ ಎಲ್ಲವೂ ಈ ಪಟ್ಟಿಯಲ್ಲಿ ಬರುತ್ತವೆ.

ಬೆಂಗಳೂರಿನವರಿಗೆ ಇವುಗಳಲ್ಲಿ ಹೆಚ್ಚು ಪರಿಚಯ ಆಸ್ತಮಾ. ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಈ ಊರಿನ ಸುಮಾರು 20,000 ಮಕ್ಕಳ ಆಸ್ಪತ್ರೆ ಲೆಕ್ಕ ನೋಡಿದ್ದರು. 1979ರಲ್ಲಿ ನೂರಕ್ಕೆ 9 ಮಕ್ಕಳಿಗಿದ್ದ ಆಸ್ತಮಾ 1999ಕ್ಕೆ ನೂರಕ್ಕೆ 29.5ಕ್ಕೆ ಏರಿತ್ತು. ಅದು ಆಸ್ಪತ್ರೆಗೆ ಬಂದವರ ಲೆಕ್ಕ, ಇಡೀ ಊರಿನದಲ್ಲ. ಆದರೂ ಔಷಧವನ್ನು ಹಬೆಯಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಇರುವ ಮನೆ ನಿಮ್ಮ ಬೀದಿಯಲ್ಲೂ ಒಂದಾದರೂ ಸಿಗುತ್ತದೆ.

"ಮನೋಸಾಮಾಜಿಕ ಪರಿಣಾಮ" ಅನ್ನುವ ಮಾತು ಕೇಳಲು ದೊಡ್ಡದು. ಅರ್ಥ ಸರಳ. ಕಾಯಿಲೆಯಿಂದ ಮನಸ್ಸಿನೊಳಗೆ ಏನಾಗುತ್ತದೆ, ಮತ್ತು ಸುತ್ತಲಿನ ಜನರ ಜತೆಗಿನ ಒಡನಾಟದಲ್ಲಿ ಏನಾಗುತ್ತದೆ ಅನ್ನುವುದು. ಇವೆರಡೂ ಬೇರೆ ಬೇರೆ ನಿಲ್ಲುವುದಿಲ್ಲ. ಅಮ್ಮನಿಗೆ ನಿದ್ದೆ ಇಲ್ಲ, ಅದಕ್ಕೆ ಸಿಡುಕು. ಸಿಡುಕಿದ್ದಕ್ಕೆ ಅಪ್ಪ ಮೌನ. ಅಪ್ಪನ ಮೌನ ನೋಡಿ ದೊಡ್ಡ ಮಗ ರೂಮಿನ ಬಾಗಿಲು ಹಾಕಿಕೊಳ್ಳುತ್ತಾನೆ. ಬಟ್ಟೆ ಒಣಹಾಕಿದ ಹಗ್ಗದ ಒಂದು ತುದಿ ಎಳೆದರೆ ಎಲ್ಲ ಬಟ್ಟೆಯೂ ಅಲುಗಾಡುವ ಹಾಗೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ಈ ಸಮಸ್ಯೆ ಒಂದು ಲೆಕ್ಕದಲ್ಲಿ ಹೊಸದು. ನೂರು ವರ್ಷಕ್ಕೂ ಹಿಂದೆ ಟೈಪ್ 1 ಬಂದ ಮಕ್ಕಳು ಹೆಚ್ಚು ದಿನ ಉಳಿಯುತ್ತಿರಲಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅಲ್ಲಿಂದ ಕತೆ ಬದಲಾಯಿತು. ಮಕ್ಕಳ ಬ್ಲಡ್ ಕ್ಯಾನ್ಸರ್‌ನಲ್ಲೂ ಅಷ್ಟೇ. ಒಂದು ಕಾಲದಲ್ಲಿ ಔಷಧವೇ ಇರಲಿಲ್ಲ, ಈಗ ಒಳ್ಳೆಯ ಚಿಕಿತ್ಸೆ ಸಿಕ್ಕವರಲ್ಲಿ ಬಹಳ ಮಕ್ಕಳು ಗುಣವಾಗುತ್ತಾರೆ. ವೈದ್ಯವಿಜ್ಞಾನ ಮಗುವನ್ನು ಉಳಿಸಿ ಮನೆಗೆ ಕಳಿಸುತ್ತದೆ. ಉಳಿದ ಕೆಲಸ ಮನೆಯಲ್ಲಿ, ಅಮ್ಮನೋ ಅಜ್ಜಿಯೋ ಮಾಡಬೇಕು.

ಎಲ್ಲ ಕಾಯಿಲೆಯೂ ಒಂದೇ ಥರ ಕಾಡುವುದಿಲ್ಲ

ಅಮೆರಿಕದ ಮನೋವೈದ್ಯ ಜಾನ್ ರೋಲಂಡ್ 1980ರ ದಶಕದಲ್ಲಿ ಒಂದು ಉಪಯುಕ್ತ ದಾರಿ ತೋರಿಸಿದರು. ಮನೆಯ ಕಣ್ಣಿನಿಂದ ನೋಡುವಾಗ ಕಾಯಿಲೆಯ ಹೆಸರಿಗಿಂತ ಅದರ ನಡಿಗೆ ಮುಖ್ಯ ಅಂದರು. ಅದು ತಟ್ಟನೆ ಬಂತಾ, ನಿಧಾನವಾಗಿ ಬಂತಾ? ದಿನದಿನಕ್ಕೆ ಏರುತ್ತಾ, ಇದ್ದ ಹಾಗೇ ಇರುತ್ತಾ, ಬಂದು ಹೋಗಿ ಮಾಡುತ್ತಾ? ಜೀವಕ್ಕೆ ಅಪಾಯ ಇದೆಯಾ? ಓಡಾಟಕ್ಕೆ, ಮಾತಿಗೆ, ಕೆಲಸಕ್ಕೆ ಎಷ್ಟು ಅಡ್ಡಿ?

ಹೀಗೆ ನೋಡಿದರೆ ಆಸ್ತಮಾ ಮತ್ತು ಫಿಟ್ಸ್ ಡಾಕ್ಟರ್‌ಗೆ ಬೇರೆ ಬೇರೆ, ಅಮ್ಮನಿಗೆ ಅಕ್ಕತಂಗಿಯರು. ಎರಡೂ ಹೇಳದೆ ಕೇಳದೆ ಬರುತ್ತವೆ. ಮಗು ತಿಂಗಳುಗಟ್ಟಲೆ ಚೆನ್ನಾಗಿರುತ್ತದೆ, ಆದರೆ ಮನೆಯವರ ಕಿವಿ ಸದಾ ಪಕ್ಕದ ರೂಮಿನಲ್ಲಿ. ಥಲಸ್ಸೀಮಿಯಾದ ಕತೆ ಬೇರೆ. ಅಲ್ಲಿ ಅನಿಶ್ಚಿತತೆ ಕಡಿಮೆ, ಸುಸ್ತು ಜಾಸ್ತಿ. ಮೂರು ನಾಲ್ಕು ವಾರಕ್ಕೊಮ್ಮೆ ಬ್ಲಡ್ ಹಾಕಿಸಲೇಬೇಕು. ಹಬ್ಬ ಇರಲಿ, ಪರೀಕ್ಷೆ ಇರಲಿ.

ಟೈಪ್ 1ರಲ್ಲಿ ಎರಡೂ ಇದೆ. ದಿನಕ್ಕೆ ನಾಲ್ಕು ಇಂಜೆಕ್ಷನ್ ಅಂದರೆ ವರ್ಷಕ್ಕೆ 1,460. ಬೆರಳು ಚುಚ್ಚುವುದು ದಿನಕ್ಕೆ ಐದು ಅಂದರೆ 1,825. ಇಷ್ಟರ ಮೇಲೂ ಓಡಿ ಆಡಿದ ಸಂಜೆ ಶುಗರ್ "ಲೋ" ಆಗಬಹುದು. 70ಕ್ಕಿಂತ ಕೆಳಗೆ ಇಳಿದರೆ ಬೆವರು, ನಡುಕ, ಗಲಿಬಿಲಿ. ತುಂಬಾ ಇಳಿದರೆ ಪ್ರಜ್ಞೆ ತಪ್ಪುತ್ತದೆ. ಅಕ್ಕನ ಮೂರು ಗಂಟೆಯ ಅಲಾರಾಂ ಇದಕ್ಕೆ.

"ನಮ್ಮ ಕಡೆ ಯಾರಿಗೂ ಇಲ್ಲಪ್ಪ"

ಪುಟ್ಟಿಗೆ ಮೊದಮೊದಲು ವಿಪರೀತ ಬಾಯಾರಿಕೆ. ಏಳು ವರ್ಷದ ಹುಡುಗಿ ಮತ್ತೆ ಹಾಸಿಗೆ ಒದ್ದೆ ಮಾಡತೊಡಗಿದಳು. ತೂಕ ಇಳಿಯಿತು. ಬೇಸಿಗೆ ಅಲ್ವಾ, ಅದಕ್ಕೇ ಇರಬೇಕು ಅಂದುಕೊಂಡರು. ಒಂದು ಬೆಳಿಗ್ಗೆ ವಾಂತಿ, ಏದುಸಿರು. ಐಸಿಯುನಲ್ಲಿ ಮೂರು ದಿನ ಇದ್ದಳು.

ಅಕ್ಕ ಇವತ್ತಿಗೂ ಬೇಯುವುದು ಆಸ್ಪತ್ರೆಗೆ ಹೋಗುವ ಮುಂಚಿನ ಮೂರು ವಾರಗಳ ಬಗ್ಗೆ. ಬೇಗ ಯಾಕೆ ತೋರಿಸಲಿಲ್ಲ? ಹಾಸಿಗೆ ಒದ್ದೆ ಮಾಡಿದ್ದಕ್ಕೆ ಬೈದೆನಲ್ಲ? ಡಾಕ್ಟರ್ ಹತ್ತು ಸಲ ಹೇಳಿದರು: ಇದು ಸಿಹಿ ತಿಂದು ಬರುವುದಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಂದುಹಾಕುತ್ತದೆ, ನಿಮ್ಮ ತಪ್ಪಿಲ್ಲ. ಅಕ್ಕ ತಲೆಯಾಡಿಸಿದಳು. ಒಳಗೆ ಇಳಿಯಲಿಲ್ಲ.

ಯಾಕೆ ಇಳಿಯುವುದಿಲ್ಲ? ಕಾರಣವೇ ಇಲ್ಲದೆ ಮಗುವಿಗೆ ಹೀಗಾಯಿತು ಅನ್ನುವುದನ್ನು ಮನಸ್ಸು ತಡೆದುಕೊಳ್ಳುವುದಿಲ್ಲ. ಕಾರಣ ಇಲ್ಲದ್ದು ನಾಳೆ ಮತ್ತೆ ಬರಬಹುದಲ್ಲ! ಅದಕ್ಕಿಂತ "ನನ್ನ ತಪ್ಪು" ಅಂದುಕೊಳ್ಳುವುದು ಹಗುರ. ತಪ್ಪು ನನ್ನದಾದರೆ ಸರಿಮಾಡುವುದೂ ನನ್ನ ಕೈಯಲ್ಲೇ ಇದೆ ಅನ್ನಿಸುತ್ತದೆ. ಹರಕೆ, ದೃಷ್ಟಿ ತೆಗೆಯುವುದು, ಜಾತಕ ತೋರಿಸುವುದು ಎಲ್ಲದರ ಹಿಂದೆಯೂ ಈ ಹುಡುಕಾಟ ಇದೆ. ಔಷಧ ನಿಲ್ಲಿಸದಿದ್ದರೆ ಇದರಿಂದ ದೊಡ್ಡ ನಷ್ಟವೇನಿಲ್ಲ. ನಷ್ಟ ಆಗುವುದು ಹುಡುಕಾಟ ಒಬ್ಬ ಮನುಷ್ಯನ ಮೇಲೆ ಬಂದು ನಿಂತಾಗ. ಆಸ್ಪತ್ರೆ ಕಾರಿಡಾರಿನಲ್ಲೇ ಅಕ್ಕನ ಅತ್ತೆ "ನಮ್ಮ ಕಡೆ ಯಾರಿಗೂ ಇಲ್ಲಪ್ಪ" ಅಂದಿದ್ದರು. ಅವರೂ ಹೆದರಿ ಆಡಿದ ಮಾತು. ಆದರೆ ಅದು ಆಮೇಲೆ ಎರಡು ಯುಗಾದಿ ದಾಟಿತು.

ವಂಶದಿಂದ ಬರುವ ಕಾಯಿಲೆಗಳಲ್ಲಿ ಈ ಜಗಳ ಇನ್ನೂ ಚೂಪು. ಥಲಸ್ಸೀಮಿಯಾ ಮೇಜರ್, ಅಂದರೆ ಅದರ ತೀವ್ರ ರೂಪ, ಬರಬೇಕಾದರೆ ಅಪ್ಪ ಅಮ್ಮ ಇಬ್ಬರಲ್ಲೂ ಆ ಗುಣ ಅಡಗಿರಬೇಕು. ಇಬ್ಬರೂ ಗಟ್ಟಿಮುಟ್ಟಾಗೇ ಇರುತ್ತಾರೆ. ಹಾಗಿದ್ದವರಿಗೆ ಪ್ರತಿ ಬಸಿರಿನಲ್ಲೂ ಮಗುವಿಗೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಪ್ರತಿ ಸಲವೂ ಕವಡೆ ಹೊಸದಾಗಿ ಬೀಳುತ್ತದೆ, ಹಿಂದಿನ ಆಟಕ್ಕೂ ಇದಕ್ಕೂ ಸಂಬಂಧ ಇಲ್ಲ. "ಯಾರ ಕಡೆಯಿಂದ" ಅನ್ನುವ ಪ್ರಶ್ನೆಗೆ ಇಲ್ಲಿ ಉತ್ತರ "ಇಬ್ಬರ ಕಡೆಯಿಂದಲೂ" ಎಂದೇ. ಆದರೂ ಹೆಚ್ಚಿನ ಮನೆಗಳಲ್ಲಿ ಬೆರಳು ಸೊಸೆಯ ಕಡೆಗೇ ತಿರುಗುತ್ತದೆ.

ಐಸಿಯು ಕೂಡ ಒಂದು ಗುರುತು ಬಿಟ್ಟು ಹೋಗುತ್ತದೆ. ಅಪಘಾತ ಕಂಡವರಿಗೆ ಆಗುವಂಥ ಆಘಾತ ಆಸ್ಪತ್ರೆಯ ಅನುಭವದಿಂದಲೂ ಆಗಬಹುದು. ಮಗುವಿಗಷ್ಟೇ ಅಲ್ಲ, ಪಕ್ಕದಲ್ಲಿ ನಿಂತು ನೋಡಿದವರಿಗೂ. ಅಕ್ಕನ ಮನೆಯ ವಾಷಿಂಗ್ ಮೆಷಿನ್ ಕೆಲಸ ಮುಗಿದಾಗ ಮೂರು ಸಲ ಬೀಪ್ ಅನ್ನುತ್ತದೆ. ಆ ಸದ್ದಿಗೆ ಅವಳ ಎದೆ ಧಸಕ್ ಅನ್ನುತ್ತಿತ್ತು. ಭಾವ ಕೊನೆಗೆ ಅದರ ಸೌಂಡ್ ಆಫ್ ಮಾಡುವುದು ಹೇಗೆಂದು ಹುಡುಕಿ ಆಫ್ ಮಾಡಿದರು.

ಲೆಕ್ಕಕ್ಕೆ ಸಿಗದ ಖರ್ಚು

ಸರ್ಕಾರದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ದೊಡ್ಡ ಆಪರೇಷನ್ ಬಂದಾಗ ಇದು ಎಷ್ಟೋ ಮನೆಗಳ ಕೈ ಹಿಡಿದಿದೆ. ಆದರೆ ಆಟೋ ಚಾರ್ಜು, ಹೋದ ದಿನಗೂಲಿ, ರೂಮಿನ ಬಾಡಿಗೆ, ಊಟ ಯಾವ ಪ್ಯಾಕೇಜಿನಲ್ಲೂ ಬರುವುದಿಲ್ಲ. ಟೈಪ್ 1 ಥರ ಮನೆಯಲ್ಲೇ ನಡೆಯುವ ಚಿಕಿತ್ಸೆಗೆ ದಿನವಹಿ ಖರ್ಚೇ ದೊಡ್ಡದು. ಅಕ್ಕನ ಮನೆಯಲ್ಲಿ ಸ್ಟ್ರಿಪ್‌ಗೇ ತಿಂಗಳಿಗೆ ಮೂರು ಸಾವಿರ ಹತ್ತಿರ ಆಗುತ್ತದೆ.

ಹೊಸೂರು ರಸ್ತೆಯ ಡೇರಿ ಸರ್ಕಲ್ ಸುತ್ತಮುತ್ತ ಒಂದು ಬೆಳಿಗ್ಗೆ ಓಡಾಡಿದರೆ ಇದರ ಇನ್ನೊಂದು ಮುಖ ಕಾಣುತ್ತದೆ. ಕಿದ್ವಾಯಿ, ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಎಲ್ಲ ಹತ್ತಿರ ಹತ್ತಿರವೇ ಇವೆ. ರಾಯಚೂರು, ಯಾದಗಿರಿ, ಬಳ್ಳಾರಿ ಕಡೆಯಿಂದ ಬಂದವರು ಬುತ್ತಿಗಂಟು, ಫೈಲು ತುಂಬಿದ ಪ್ಲಾಸ್ಟಿಕ್ ಕವರ್ ಹಿಡಿದು ಕೂತಿರುತ್ತಾರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬ್ಲಡ್ ಕ್ಯಾನ್ಸರ್‌ಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಅಷ್ಟು ದಿನ ಏನಾಗುತ್ತದೆ? ಅಮ್ಮ ಮತ್ತು ಕಾಯಿಲೆಯ ಮಗು ಬೆಂಗಳೂರಿನಲ್ಲಿ. ಅಪ್ಪ ಊರಿನಲ್ಲಿ, ಯಾಕೆಂದರೆ ದುಡಿಯಬೇಕು. ಉಳಿದ ಮಕ್ಕಳು ಅಜ್ಜಿ ಮನೆಯಲ್ಲಿ. ಒಂದು ಸಂಸಾರ ಮೂರು ಒಲೆಯಾಗುತ್ತದೆ. ಆ ಅಮ್ಮನಿಗೆ ಬೆಂಗಳೂರಿನಲ್ಲಿ ಮಾತಿಗೆ ಸಿಗುವವಳು ಪಕ್ಕದ ಬೆಡ್ಡಿನ ಮಗುವಿನ ಅಮ್ಮ ಮಾತ್ರ. ಬ್ಲಡ್ ಕೌಂಟ್ ಎಷ್ಟಿದೆ, ಇವತ್ತು ಕಿಮೋ ಹಾಕ್ತಾರಾ ಇಲ್ವಾ ಅಂತ ಇಬ್ಬರೂ ಮಾತಾಡಿಕೊಳ್ಳುತ್ತಾರೆ. ಆ ಗೆಳೆತನ ದೊಡ್ಡ ಆಸರೆ. ಪಕ್ಕದ ಬೆಡ್ಡಿನ ಮಗು ತೀರಿಕೊಂಡ ದಿನ ಅದೇ ದೊಡ್ಡ ಪೆಟ್ಟು.

ಎಕ್ಸೆಲ್ ಶೀಟ್ ಮತ್ತು ಕಣ್ಣೀರು

ಪುಟ್ಟಿ ಡಿಸ್ಚಾರ್ಜ್ ಆದ ವಾರ ಭಾವ ಒಂದು ಎಕ್ಸೆಲ್ ಶೀಟ್ ಮಾಡಿದರು. ಒಂದು ಇಡ್ಲಿಗೆ ಎಷ್ಟು ಕಾರ್ಬೊ (ಶುಗರ್ ಏರಿಸುವ ಪಿಷ್ಟದ ಅಂಶ), ಅರ್ಧ ಮುದ್ದೆಗೆ ಎಷ್ಟು, ಎಷ್ಟು ಯೂನಿಟ್ ಇನ್ಸುಲಿನ್, ಎಲ್ಲ ಬಣ್ಣ ಬಣ್ಣದ ಕಾಲಮ್ಮುಗಳಲ್ಲಿ. ಅಕ್ಕ ಅಡುಗೆಮನೆಯಲ್ಲಿ ಅಳುತ್ತಿದ್ದಳು. "ಇವರಿಗೆ ಏನೂ ಅನ್ನಿಸೋದೇ ಇಲ್ವೇನೋ" ಅಂತ ನನ್ನ ಹತ್ತಿರ ಹೇಳಿದಳು. ಭಾವ ಬೇರೆ ದಿನ, "ನಿಮ್ಮ ಅಕ್ಕ ಅಳ್ತಾ ಕೂತ್ರೆ ಲೆಕ್ಕ ಯಾರು ನೋಡೋದು" ಅಂದರು. ಇಬ್ಬರದ್ದೂ ಒಂದೇ ಭಯ. ಒಬ್ಬರು ದುಃಖವನ್ನು ಹೇಳಿಕೊಂಡು ಹಗುರಾಗುತ್ತಾರೆ, ಇನ್ನೊಬ್ಬರು ಕೈಗೆ ಕೆಲಸ ಕೊಟ್ಟುಕೊಂಡು. ಇದು ಗೊತ್ತಿಲ್ಲದಿದ್ದರೆ ಅಳುವವರು ದುರ್ಬಲರಾಗಿ, ಲೆಕ್ಕ ಮಾಡುವವರು ಕಲ್ಲುಮನಸ್ಸಿನವರಾಗಿ ಕಾಣುತ್ತಾರೆ.

ಇನ್ನೊಂದು ತಪ್ಪು ತಿಳಿವಳಿಕೆ: ಆರು ತಿಂಗಳು ಕಳೆದರೆ ಎಲ್ಲ ಸರಿಹೋಗುತ್ತದೆ ಅನ್ನುವುದು. ಅಮೆರಿಕದ ಸೈಮನ್ ಒಲ್ಶಾನ್ಸ್ಕಿ 1962ರಲ್ಲಿ ಇದರ ಬಗ್ಗೆ ಬರೆದರು. ಬುದ್ಧಿಮಾಂದ್ಯ ಮಕ್ಕಳ ಅಪ್ಪಅಮ್ಮಂದಿರನ್ನು ಕಂಡು, ಅವರ ದುಃಖ ಪೂರ್ತಿ ಹೋಗುವುದಿಲ್ಲ, ಬಂದು ಬಂದು ಹೋಗುತ್ತದೆ, ಮತ್ತು ಅದು ಕಾಯಿಲೆಯಲ್ಲ, ಸಹಜ ಎಂದರು. ಅದಕ್ಕೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ "ಬಿಡದ ದುಃಖ" ಅನ್ನಬಹುದು. ವಾಸಿಯಾದ ಮೂಳೆ ಮುರಿತ ಥಂಡಿ ಬಿದ್ದಾಗ ನೋಯುವ ಹಾಗೆ. ಅಕ್ಕನಿಗೆ ನೋಯುವ ದಿನಗಳು ನನಗೆ ಈಗ ಗೊತ್ತು: ಶಾಲೆಯವರು ಎರಡು ದಿನದ ಟ್ರಿಪ್ ಹಾಕಿದಾಗ, ಬರ್ತ್‌ಡೇ ಪಾರ್ಟಿಯಿಂದ ಪುಟ್ಟಿ ಬೇಗ ಬಂದಾಗ, ಕಾಯಿಲೆ ಬಂದ ತಾರೀಖು ಕ್ಯಾಲೆಂಡರಿನಲ್ಲಿ ಮತ್ತೆ ಬಂದಾಗ.

ಖಿನ್ನತೆ ಇದಕ್ಕಿಂತ ಬೇರೆ. ದುಃಖ ಬಂದು ಹೋಗುತ್ತದೆ, ಮಧ್ಯೆ ನಗುವೂ ಇರುತ್ತದೆ. ಎರಡು ವಾರ ದಾಟಿದರೂ ಬೇಸರ ಇಳಿಯದೆ, ಯಾವುದರಲ್ಲೂ ಮನಸ್ಸಿಲ್ಲದೆ, ನಿದ್ದೆ ಊಟ ಕೆಟ್ಟು, ಬದುಕೇ ಬೇಡ ಅನ್ನಿಸತೊಡಗಿದರೆ ಅದಕ್ಕೆ ಚಿಕಿತ್ಸೆ ಬೇಕು. "ಅಮ್ಮ ಅಂದಮೇಲೆ ಗಟ್ಟಿಯಾಗಿರಬೇಕು" ಅನ್ನುವ ಮಾತಿಗೆ ಅಲ್ಲಿ ಕೆಲಸವಿಲ್ಲ.

ನೀರಿನ ಟ್ಯಾಂಕಿನ ಹಿಂದೆ ಕಾಜು ಕಟ್ಲಿ

ಕುಟುಂಬದ ಬಗ್ಗೆ ಮಾತಾಡುವಾಗ ಎಲ್ಲರೂ ಮರೆಯುವುದು ಇನ್ನೊಂದು ಮಗುವನ್ನು. ನಾನೂ ಮರೆತಿದ್ದೆ.

ಪುಟ್ಟಿಯ ಅಣ್ಣನಿಗೆ ಹದಿಮೂರು. ಕಳೆದ ದೀಪಾವಳಿಗೆ ಹೋಗಿದ್ದಾಗ ತಾರಸಿಗೆ ಬಟ್ಟೆ ತರಲು ಹತ್ತಿದೆ. ನೀರಿನ ಟ್ಯಾಂಕಿನ ಹಿಂದೆ ಇವನು ಕುಕ್ಕರುಗಾಲಲ್ಲಿ ಕೂತು ಕಾಜು ಕಟ್ಲಿ ತಿನ್ನುತ್ತಿದ್ದ. ನನ್ನನ್ನು ನೋಡಿ ಕಳ್ಳನ ಹಾಗೆ ಬೆಚ್ಚಿದ. "ಚಿಕ್ಕಮ್ಮ, ಅಮ್ಮಂಗೆ ಹೇಳ್ಬೇಡಿ. ಪುಟ್ಟಿ ಎದುರಿಗೆ ತಿನ್ನೋಕಾಗಲ್ಲ, ಅದಕ್ಕೆ" ಅಂದ. ಯಾರೂ ಅವನಿಗೆ ತಿನ್ನಬೇಡ ಅಂದಿರಲಿಲ್ಲ. ಇನ್ಸುಲಿನ್ ಲೆಕ್ಕ ಹಾಕಿಕೊಂಡು ಪುಟ್ಟಿಯೂ ಹಬ್ಬಕ್ಕೆ ಸ್ವಲ್ಪ ಸಿಹಿ ತಿನ್ನುತ್ತಾಳೆ. ಈ ಕಾನೂನು ಅವನೇ ಮಾಡಿಕೊಂಡದ್ದು. ಅವತ್ತೇ ಇನ್ನೊಂದು ವಿಷಯ ಬಾಯಿಬಿಟ್ಟ. ಗಣಿತದಲ್ಲಿ 41 ಬಂದಿತ್ತು, ಮೂರು ವಾರದಿಂದ ಮನೆಯಲ್ಲಿ ಹೇಳಿರಲಿಲ್ಲ. "ಅಮ್ಮಂಗೆ ಆಗ್ಲೇ ಜಾಸ್ತಿ ಟೆನ್ಷನ್ ಇದೆ."

ಇಂಥ ಮಕ್ಕಳ ಒಳಗೆ ಒಟ್ಟಿಗೆ ಏನೇನೋ ನಡೆಯುತ್ತಿರುತ್ತದೆ. ತಂಗಿಯ ಮೇಲೆ ಪ್ರೀತಿ, ಅವಳಿಗೇ ಎಲ್ಲರ ಗಮನ ಅನ್ನುವ ಹೊಟ್ಟೆಕಿಚ್ಚು, ಹೊಟ್ಟೆಕಿಚ್ಚು ಪಟ್ಟೆನಲ್ಲ ಅನ್ನುವ ನಾಚಿಕೆ. ನನಗೂ ಬರುತ್ತಾ ಅನ್ನುವ ಹೆದರಿಕೆ ಬೇರೆ. ಸಣ್ಣ ಮಕ್ಕಳಾದರೆ ಇನ್ನೊಂದು ಸೇರುತ್ತದೆ. ಜಗಳದಲ್ಲಿ "ನಿಂಗೆ ಹಾಗಾಗ್ಲಿ, ಹೀಗಾಗ್ಲಿ" ಅಂದಿದ್ದರೆ, ಅದರಿಂದಲೇ ಕಾಯಿಲೆ ಬಂತು ಎಂದು ನಿಜವಾಗಿ ನಂಬುತ್ತಾರೆ. ಕೇಳಿದರೆ ಮಾತ್ರ ಹೇಳುತ್ತಾರೆ, ಕೇಳುವವರಿರುವುದಿಲ್ಲ.

ಕೆಲವರು ಸಿಡುಕುತ್ತಾರೆ, ಹೊಟ್ಟೆನೋವು ಅಂತ ಶಾಲೆ ತಪ್ಪಿಸುತ್ತಾರೆ. ಅಂಥವರು ಬೇಗ ಕಣ್ಣಿಗೆ ಬೀಳುತ್ತಾರೆ. ಕಣ್ಣಿಗೆ ಬೀಳದವರು "ಎಷ್ಟು ಜಾಣ, ಏನೂ ತೊಂದರೆ ಕೊಡಲ್ಲ" ಅನ್ನಿಸಿಕೊಳ್ಳುವವರು. ಮನಶ್ಶಾಸ್ತ್ರದಲ್ಲಿ ಇದನ್ನು ಮಗು ಅಪ್ಪಅಮ್ಮನ ಪಾತ್ರ ಹೊರುವುದು ಅನ್ನುತ್ತಾರೆ. ತಂಗಿಗೆ ನೀರು ತಂದುಕೊಡುವುದು ಬೇರೆ, ಅಮ್ಮನ ಮನಸ್ಸನ್ನು ಕಾಯುವುದು ಬೇರೆ. ಎರಡನೆಯದು ಹದಿಮೂರು ವರ್ಷದವನ ಹೆಗಲಿಗೆ ಭಾರ. ಒಳ್ಳೆಯದೂ ಇದೆ, ಸುಳ್ಳು ಹೇಳುವುದಿಲ್ಲ. ಇಂಥ ಮನೆಯಲ್ಲಿ ಬೆಳೆದ ಎಷ್ಟೋ ಮಕ್ಕಳು ಬೇರೆಯವರ ನೋವನ್ನು ಬೇಗ ಗುರುತಿಸುತ್ತಾರೆ. ಇವನಿಗೆ ಪುಟ್ಟಿಯ ಮುಖ ನೋಡಿದರೇ ಸಾಕು, ಮೀಟರ್‌ಗಿಂತ ಮೊದಲೇ "ಲೋ" ಅನ್ನುತ್ತಾನೆ. ಆದರೆ ಆ ಜಾಣತನವನ್ನು ಹೊಗಳುತ್ತಾ ಹೋದರೆ ಅವನು ಟ್ಯಾಂಕಿನ ಹಿಂದೆಯೇ ಉಳಿಯುತ್ತಾನೆ.

ಕಾಯಿಲೆಯ ಮಗು ಏನಂದುಕೊಂಡಿದೆ?

ಅದು ವಯಸ್ಸಿನ ಮೇಲೆ ಹೋಗುತ್ತದೆ. ಐದಾರು ವರ್ಷದವರೆಗೆ ಸೂಜಿ ಅಂದರೆ ಶಿಕ್ಷೆ, "ನಾನೇನು ತಪ್ಪು ಮಾಡ್ದೆ?" ಹಾಗಾಗಿ "ಹಠ ಮಾಡಿದ್ರೆ ಡಾಕ್ಟರ್ ಇಂಜೆಕ್ಷನ್ ಕೊಡ್ತಾರೆ" ಅನ್ನುವ ಹೆದರಿಸುವ ಮಾತು ಇಂಥ ಮನೆಯಲ್ಲಿ ದುಬಾರಿ. ಏಳೆಂಟು ವರ್ಷದ ಮೇಲೆ ಕಾರಣ ಅರ್ಥವಾಗುತ್ತದೆ, ಜತೆಗೆ "ನಾನೊಬ್ಬಳೇ ಬೇರೆ" ಅನ್ನುವುದೂ ಅರ್ಥವಾಗುತ್ತದೆ.

ಮಗುವಿಗೆ ಹೇಳದಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ ಎಂದು ದೊಡ್ಡವರು ನಂಬಿಕೊಂಡಿರುತ್ತಾರೆ. ಅಮೆರಿಕದ ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ 1970ರ ದಶಕದಲ್ಲಿ ಬ್ಲಡ್ ಕ್ಯಾನ್ಸರ್ ವಾರ್ಡಿನ ಮಕ್ಕಳ ಜತೆ ತಿಂಗಳುಗಟ್ಟಲೆ ಕಳೆದರು. ಯಾರೂ ಹೇಳದಿದ್ದರೂ ಆ ಪುಟ್ಟ ಮಕ್ಕಳಿಗೆ ತಮ್ಮ ಸ್ಥಿತಿ ಗೊತ್ತಿತ್ತು. ಅಪ್ಪಅಮ್ಮ ನೊಂದುಕೊಳ್ಳಬಾರದೆಂದು ಗೊತ್ತಿಲ್ಲದ ಹಾಗೆ ನಟಿಸುತ್ತಿದ್ದರು. ಎರಡೂ ಕಡೆಯವರು ನಟಿಸುವ ಆ ಮನೆಯಲ್ಲಿ ಭಯವನ್ನು ಹೇಳಿಕೊಳ್ಳಲು ಯಾರಿಗೂ ಯಾರೂ ಇರುವುದಿಲ್ಲ.

ಹದಿಹರೆಯ ಇನ್ನೊಂದೇ ರಗಳೆ. ಗೆಳೆಯರ ಥರ ಇರಬೇಕು ಅನ್ನುವ ಆಸೆಗೆ ಔಷಧ ಬಿಡುವುದು, ಇನ್ಸುಲಿನ್ ತಗೊಂಡೆ ಅಂತ ಸುಳ್ಳು ಹೇಳುವುದು, ಇನ್ಹೇಲರ್ ಬ್ಯಾಗಿನ ತಳಕ್ಕೆ ತುರುಕುವುದು. ಇದನ್ನು ಬರೀ ಉಡಾಫೆ ಅನ್ನಲಾಗದು. ವರ್ಷಗಟ್ಟಲೆ ರಜೆಯೇ ಇಲ್ಲದ ಕೆಲಸದಿಂದ ಬಂದ ಸುಸ್ತು ಅದರಲ್ಲಿದೆ. ಊರ ಬಾವಿಯಲ್ಲಿ ಈಜು ಕಲಿಸುವಾಗ ಬೆನ್ನಿಗೆ ಬೆಂಡು ಕಟ್ಟುತ್ತಾರಲ್ಲ, ದಿನ ಕಳೆದ ಹಾಗೆ ಒಂದೊಂದೇ ತುಂಡು ಕಡಿಮೆ ಮಾಡುತ್ತಾರೆ. ಕಾಯಿಲೆಯ ಹೊಣೆಯನ್ನು ಮಗುವಿಗೆ ದಾಟಿಸುವುದೂ ಹಾಗೇ ಆಗಬೇಕು. ಒಂದೇ ದಿನ ಬಿಚ್ಚಿದರೆ ಮುಳುಗುತ್ತದೆ. ಬಿಚ್ಚದೇ ಇದ್ದರೆ ಈಜು ಬರುವುದಿಲ್ಲ. ಎರಡನೆಯದಕ್ಕೂ ಒಂದು ಹೆಸರಿದೆ. ಒಮ್ಮೆ ಸಾವಿನ ಹತ್ತಿರ ಹೋಗಿ ಬಂದ ಮಗುವನ್ನು, ಅದು ಚೇತರಿಸಿಕೊಂಡ ಮೇಲೂ ಒಡೆದುಹೋಗುವ ಗಾಜಿನಂತೆ ನೋಡಿಕೊಳ್ಳುವುದನ್ನು 1964ರಲ್ಲೇ ಗ್ರೀನ್ ಮತ್ತು ಸಾಲ್ನಿಟ್ ಎಂಬ ವೈದ್ಯರು ಗುರುತಿಸಿ "ನಾಜೂಕು ಮಗು" ಎಂಬ ಅರ್ಥದ ಹೆಸರಿಟ್ಟರು.

ಯಾರಿಗೂ ಹೇಳಬೇಡಿ

ಫಿಟ್ಸ್ ಬಂದ ಮಗುವಿನ ಕೈಗೆ ಬೀಗದ ಕೈ ಕೊಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದು ನಮ್ಮ ಬೀದಿಗಳಲ್ಲಿ ಇನ್ನೂ ನಿಂತಿಲ್ಲ. ಮಾಡಬೇಕಾದದ್ದು ಇಷ್ಟೇ: ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ. ಆದರೆ ಮನೆಯವರನ್ನು ಹೆಚ್ಚು ಕಾಡುವುದು ಚಪ್ಪಲಿಯಲ್ಲ, ಆಮೇಲಿನ ಪಿಸುಮಾತು. ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ 1963ರಲ್ಲಿ ಹೇಳಿದ ಹಾಗೆ, ಕಳಂಕ ಕಾಯಿಲೆಯವರಿಗಷ್ಟೇ ಮೆತ್ತಿಕೊಳ್ಳುವುದಿಲ್ಲ, ಅವರ ಜತೆಗಿರುವವರಿಗೂ ಮೆತ್ತುತ್ತದೆ. ಹೆಣ್ಣುಮಗುವಾದರೆ ಏಳನೇ ವಯಸ್ಸಿನಲ್ಲೇ "ಮುಂದೆ ಮದುವೆ ಹೇಗೆ" ಅನ್ನುವ ಪ್ರಶ್ನೆ ಬರುತ್ತದೆ. ಅದಕ್ಕೇ ಎಷ್ಟೋ ಮನೆಗಳು ಮುಚ್ಚಿಡುತ್ತವೆ.

ಮುಚ್ಚಿಟ್ಟದ್ದಕ್ಕೆ ಬೆಲೆ ಇದೆ. ಮೇಷ್ಟ್ರಿಗೆ ಗೊತ್ತಿಲ್ಲದಿದ್ದರೆ ಶುಗರ್ ಇಳಿದು ಮಂಕಾದ ಮಗು ಪಾಠ ಕೇಳದ ಮಗುವಾಗಿ ಕಾಣುತ್ತದೆ. ಹೇಳಿದರೂ ಸುಲಭವಲ್ಲ ಅನ್ನಿ. ಪುಟ್ಟಿಯ ಶಾಲೆಯಲ್ಲಿ ಮೊದಲ ವರ್ಷ, "ಇಲ್ಲಿ ಸೂಜಿ ಬೇಡ, ಬೇರೆ ಮಕ್ಕಳು ಹೆದರ್ತಾರೆ" ಅಂದರು. ಅಕ್ಕ ದಿನಾ ಹನ್ನೆರಡೂವರೆಗೆ ಆಫೀಸಿನಿಂದ ಸ್ಕೂಟರಿನಲ್ಲಿ ಬಂದು, ಗೇಟಿನ ಹತ್ತಿರ ಇಂಜೆಕ್ಷನ್ ಕೊಟ್ಟು ಹೋಗುತ್ತಿದ್ದಳು. ನಾಲ್ಕು ತಿಂಗಳಿಗೆ ಆ ಕೆಲಸ ಬಿಟ್ಟಳು. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ 2023ರಲ್ಲಿ ರಾಜ್ಯಗಳಿಗೆ ಪತ್ರ ಬರೆದು, ಟೈಪ್ 1 ಇರುವ ಮಕ್ಕಳಿಗೆ ತರಗತಿಯಲ್ಲಿ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ತಗೊಳ್ಳಲು, ತಿಂಡಿ ತಿನ್ನಲು ಬಿಡಬೇಕು ಎಂದಿದೆ. ಶಾಲೆಗೆ ಹೋಗುವಾಗ ಅದರ ಪ್ರತಿ ಒಂದು ಕೈಯಲ್ಲಿದ್ದರೆ ಮಾತಿನ ಧಾಟಿ ಬದಲಾಗುತ್ತದೆ. ಥಲಸ್ಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವವರಿಗೆ ಇನ್ನೊಂದು ದಾಖಲೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಇವೂ ಸೇರಿವೆ.

ಯಾರಿಗೆ ಎಷ್ಟು ಸಹಾಯ ಬೇಕು

ಇಷ್ಟೆಲ್ಲ ಓದಿ, ಇಂಥ ಮನೆಗಳೆಲ್ಲ ಮುರಿದುಬೀಳುತ್ತವೆ ಅಂದುಕೊಳ್ಳಬೇಡಿ. ಹೆಚ್ಚಿನ ಮನೆಗಳು ಹೇಗೋ ಹೊಂದಿಕೊಳ್ಳುತ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಆನ್ ಕಜಾಕ್ ಇದನ್ನು ಮೂರು ಹಂತದಲ್ಲಿ ತೋರಿಸುತ್ತಾರೆ. ದಸರಾ ಗೊಂಬೆಯ ಮೆಟ್ಟಿಲು ನೆನೆಸಿಕೊಳ್ಳಿ. ಕೆಳಗಿನ ಅಗಲವಾದ ಮೆಟ್ಟಿಲಲ್ಲಿ ಬಹುಪಾಲು ಕುಟುಂಬಗಳು. ಅವರಿಗೆ ಬೇಕಾದದ್ದು ಸರಿಯಾದ ಮಾಹಿತಿ, ತಾಳ್ಮೆಯಿಂದ ಮಾತಾಡುವ ಡಾಕ್ಟರ್, ಸ್ವಲ್ಪ ಕೈಜೋಡಿಸುವ ನೆಂಟರು. ನಡುವಿನ ಮೆಟ್ಟಿಲಲ್ಲಿ ದುಡ್ಡಿನ ಮುಗ್ಗಟ್ಟು, ಒಂಟಿತನ, ಹಳೆಯ ಜಗಳ ಇರುವವರು. ಅವರಿಗೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರು, ಕೌನ್ಸೆಲರ್ ಬೇಕು. ಮೇಲಿನ ಕಿರಿದಾದ ಮೆಟ್ಟಿಲಲ್ಲಿ ಇರುವವರಿಗೆ ಮನೋವೈದ್ಯರೇ ಬೇಕು.

ನಡುವಿನ ಮೆಟ್ಟಿಲಿನವರಿಗೆ ಕೊಡುವ ಸಹಾಯ ಹೇಗಿರುತ್ತದೆ ಎಂದು ಕೇಳಿದರೆ, ಬರೀ ಸಮಾಧಾನದ ಮಾತಲ್ಲ. ಸಮಸ್ಯೆ ಬಿಡಿಸುವ ತರಬೇತಿ ಅಂತ ಒಂದಿದೆ. ಕ್ಯಾನ್ಸರ್ ಬಂದ ಮಕ್ಕಳ ತಾಯಂದಿರಲ್ಲಿ ಅದನ್ನು ಪರೀಕ್ಷಿಸಿ, ಅವರ ಸಂಕಟ ಇಳಿದದ್ದನ್ನು ಕಂಡಿದ್ದಾರೆ. "ನನ್ನಿಂದ ಆಗ್ತಿಲ್ಲ" ಅನ್ನುವ ದೊಡ್ಡ ಗಂಟನ್ನು ಸಣ್ಣ ಸಣ್ಣ ಎಳೆ ಮಾಡುವುದು. ಏನು ಆಗುತ್ತಿಲ್ಲ? ನಿದ್ದೆ. ಯಾಕೆ? ರಾತ್ರಿ ಮೂರರ ಟೆಸ್ಟ್. ಯಾರು ಯಾರು ಮಾಡಬಹುದು? ವಾರದಲ್ಲಿ ಎಷ್ಟು ದಿನ? ಒಂದು ವಾರ ಮಾಡಿ ನೋಡಿ, ಆಗದಿದ್ದರೆ ಬೇರೆ ದಾರಿ. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ನಿದ್ದೆಗೆಟ್ಟ ತಲೆಗೆ ಇಷ್ಟೂ ಹೊಳೆಯುವುದಿಲ್ಲ.

ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ ಇದೆ. ಹೋಗಲಾಗದವರು 14416ಕ್ಕೆ ಕರೆ ಮಾಡಬಹುದು. ಟೆಲಿ ಮನಸ್ ಎಂಬ ಈ ಸರ್ಕಾರಿ ಸೇವೆ 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇನ್ನು, ಮಗುವನ್ನು ನೋಡುವ ಡಾಕ್ಟರ್ ಹತ್ತಿರ "ನನಗೇ ನಿದ್ದೆ ಬರ್ತಿಲ್ಲ" ಅಂತ ಹೇಳುವುದು ತಪ್ಪಲ್ಲ. ಹೆಚ್ಚಿನವರು ಹೇಳುವುದೇ ಇಲ್ಲ, ಚೀಟಿಯಲ್ಲಿ ಮಗುವಿನ ಹೆಸರಿದೆ ಅಂತ.

ನೆಂಟರು, ಅಕ್ಕಪಕ್ಕದವರು ಏನು ಮಾಡಬಹುದು? "ಪಾಪ" ಅನ್ನುವುದನ್ನು, "ನಮ್ಮ ಪರಿಚಯದವರೊಬ್ಬರಿಗೆ ಹಾಗಲಕಾಯಿ ರಸದಲ್ಲಿ ವಾಸಿಯಾಯ್ತು" ಅನ್ನುವುದನ್ನು ಬಿಡಬಹುದು. "ಏನಾದ್ರೂ ಬೇಕಾದ್ರೆ ಹೇಳಿ" ಅಂದರೆ ಯಾರೂ ಹೇಳುವುದಿಲ್ಲ. ಒಂದು ವಾರ, ಒಂದು ಕೆಲಸ ಹಿಡಿದು ಕೇಳಿದರೆ ಒಪ್ಪುತ್ತಾರೆ. ಅಕ್ಕನ ಮನೆಯಲ್ಲಿ ಈಗ ಶುಕ್ರವಾರ, ಶನಿವಾರದ ಮೂರು ಗಂಟೆ ಭಾವನದು. ಅತ್ತೆ ಮೀಟರ್ ಹಿಡಿಯುವುದು ಕಲಿತಿದ್ದಾರೆ, ಓದಲು ಕನ್ನಡಕ ಹುಡುಕುವಷ್ಟರಲ್ಲಿ ಸ್ಟ್ರಿಪ್ ಹಾಳಾಗುತ್ತದೆ ಅನ್ನುವುದು ಬೇರೆ ಮಾತು. ಗುರುವಾರ ಸಂಜೆ ನನ್ನದು. ಪುಟ್ಟಿಯನ್ನು ನೋಡಿಕೊಳ್ಳಲು ಅಲ್ಲ, ಅವಳ ಅಣ್ಣನ ಜತೆ. ಗಾಂಧಿಬಜಾರ್‌ವರೆಗೆ ನಡೆದು ಹೋಗಿ ಬರುತ್ತೇವೆ. ಮೊದಲ ವಾರ ಬರೀ ಕ್ರಿಕೆಟ್ ಮಾತಾಡಿದ. ಎರಡನೇ ವಾರ ಮಸಾಲೆ ದೋಸೆ ತಿಂದ, ಆಮೇಲೆ ಒಂದು ಜಾಮೂನು ಕೇಳಿದ, ಅಲ್ಲೇ ರಸ್ತೆ ಬದಿಯಲ್ಲಿ ಎಲ್ಲರ ಎದುರಿಗೇ ನಿಂತು ತಿಂದ. ಹೋದ ಗುರುವಾರ ಗಣಿತದ ಪೇಪರ್ ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಈ ಸಲ 52.